ದಶಪಥದ ಬದಿಯಲ್ಲಿ ಡೀಸೆಲ್ ಹುಡುಕುವ ಕಷ್ಟ

ಕಳೆದ ಕಾರ್ತಿಕ ಮಾಸದಲ್ಲಿ ನಮ್ಮ ಬಡಾವಣೆಯ ಹಿರಿಯ ನಾಗರಿಕರು ಸುಮಾರು ನಲವತ್ತು ಮಂದಿ ಒಂದು ದೊಡ್ಡ ಖಾಸಗಿ ಬಸ್ಸನ್ನು ಗೊತ್ತುಮಾಡಿಕೊಂಡು ಬೆಂಗಳೂರಿನಿಂದ ಮೇಲುಕೋಟೆಗೆ ಹೊರಟಿದ್ದೆವು. ಬಸ್ಸಿನ ಮಾಲೀಕರಿಗೆ ಮದ್ದೂರಿನ ಹಳೆಯ ರಸ್ತೆಯಲ್ಲಿರುವ ಬಂಕೊಂದರಲ್ಲಿ ಬಹುಕಾಲದಿಂದ ಲೆಕ್ಕವಿದೆಯಂತೆ. ಚೀಟಿ ಕೊಟ್ಟರೆ ಸಾಕು, ಡೀಸೆಲ್ ತುಂಬುತ್ತಾರೆ. ಹಣ ತಿಂಗಳ ಕೊನೆಗೆ. ಚಾಲಕ ಕೆಲಸಕ್ಕೆ ಹೊಸಬ. ಹೆದ್ದಾರಿಯಿಂದ ಮದ್ದೂರಿಗೆ ಇಳಿಯುವ ದಾರಿಯನ್ನು ಆತ ಗುರುತಿಸುವಷ್ಟರಲ್ಲಿ ಬಸ್ಸು ಅದನ್ನು ದಾಟಿಯಾಗಿತ್ತು. ಹಿಂದಕ್ಕೆ ಹೋಗುವಂತಿಲ್ಲ, ಮಧ್ಯದಲ್ಲಿ ತಿರುಗುವಂತಿಲ್ಲ. ಇಂಧನದ ಮುಳ್ಳು ಕೆಳಗಿಳಿದಿತ್ತು. ಮಂಡ್ಯದ ಬಳಿ ಸರ್ವಿಸ್ ರಸ್ತೆಗಿಳಿದು ಸಿಕ್ಕ ಮೊದಲ ಬಂಕಿಗೆ ಬಸ್ಸನ್ನು ನುಗ್ಗಿಸಿದ. ಒಳಹೋದ ಬಸ್ಸು ಹೊರಬರಲು ಜಾಗವಿಲ್ಲ. ಕ್ಲೀನರ್ ಹುಡುಗ ಹಿಂದೆ ನಿಂತು ಬಸ್ಸಿನ ಮೈ ತಟ್ಟುತ್ತಾ, ಎದುರು ಬರುವ ದ್ವಿಚಕ್ರ ವಾಹನಗಳನ್ನು ಕೈಯೆತ್ತಿ ತಡೆಯುತ್ತಾ, ಹಿಮ್ಮುಖವಾಗಿ ರಸ್ತೆಗೆ ಇಳಿಸಬೇಕಾಯಿತು. ಹಾಲಿನ ಕ್ಯಾನು ಕಟ್ಟಿಕೊಂಡು ಬಂದ ಸ್ಕೂಟರೊಂದು ಒಂದು ಗೇಣಿನಲ್ಲಿ ಪಾರಾಯಿತು. "ಹಳೇ ರೋಡಾಗಿದ್ರೆ ದಾರಿ ಉದ್ದಕ್ಕೂ ಬಂಕ್ ಸಿಕ್ತಿದ್ವು ಸಾರ್" ಎಂದು ಚಾಲಕ ಬೆವರೊರೆಸಿಕೊಂಡ. ಆತನ ಮಾತಿನಲ್ಲಿ ಹೆದ್ದಾರಿ ನೀತಿಯೊಂದರ ವಿಮರ್ಶೆಯೇ ಅಡಗಿದೆ ಎಂದು ನನಗೆ ಅಂದಿನಿಂದ ಅನಿಸುತ್ತಿದೆ.

ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಪ್ರಧಾನಿಯವರು 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿಯೇ ಉದ್ಘಾಟಿಸಿದರು. ಉದ್ದ ಸುಮಾರು 118 ಕಿ.ಮೀ., ವೆಚ್ಚ ಸುಮಾರು 8,480 ಕೋಟಿ ರೂಪಾಯಿ. ನಡುವೆ ಆರು ಪಥ, ಎರಡು ಬದಿಗಳಲ್ಲಿ ಎರಡೆರಡು ಪಥಗಳ ಸರ್ವಿಸ್ ರಸ್ತೆ. ಜನರ ಬಾಯಲ್ಲಿ 'ದಶಪಥ'. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಈ ಐದೂ ಕಡೆ ರಸ್ತೆ ಊರಿನ ಗೊಡವೆಗೆ ಹೋಗದೆ ಸಾಗುತ್ತದೆ. ಮೂರು ಗಂಟೆಯ ಪ್ರಯಾಣ ಒಂದೂಕಾಲು ಗಂಟೆಗೆ ಇಳಿಯುತ್ತದೆಂದು ಸರ್ಕಾರ ಹೇಳಿತು. ಕಾರಿನಲ್ಲಿ ಹೋಗುವವರಿಗೆ ಅದು ಬಹುಮಟ್ಟಿಗೆ ನಿಜವೂ ಆಯಿತು. ಇದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಚನ್ನಪಟ್ಟಣದ ಪೇಟೆಯಲ್ಲಿ ಎತ್ತಿನ ಗಾಡಿಯ ಹಿಂದೆ ಅರ್ಧ ಗಂಟೆ ತೆವಳಿದ ನೆನಪು ನಮ್ಮ ತಲೆಮಾರಿನವರಿಗೆ ಇನ್ನೂ ಹಸಿಯಾಗಿದೆ.

ಆದರೆ ಉದ್ಘಾಟನೆಯ ದಿನ ಈ 118 ಕಿ.ಮೀ.ಗಳ ಮುಖ್ಯ ಪಥದ ಮೇಲೆ ಒಂದು ಡೀಸೆಲ್ ಬಂಕಾಗಲಿ, ಲಾರಿ ನಿಲ್ಲಿಸುವ ಅಂಗಳವಾಗಲಿ, ಶೌಚಾಲಯವಾಗಲಿ ಇರಲಿಲ್ಲ. ಟೋಲ್ ಸಂಗ್ರಹ ಮಾತ್ರ ಎರಡೇ ದಿನಗಳಲ್ಲಿ ಆರಂಭವಾಯಿತು. ಇದು ಮರೆವಿನಿಂದ ಆದದ್ದಲ್ಲ. ಪ್ರವೇಶ ನಿಯಂತ್ರಿತ ಹೆದ್ದಾರಿಯಲ್ಲಿ ಬಂಕು, ಹೋಟೆಲುಗಳು ನೇರವಾಗಿ ರಸ್ತೆಗೆ ಬಾಗಿಲು ತೆರೆಯುವಂತಿಲ್ಲ. ಅವಕ್ಕೆ ಪ್ರತ್ಯೇಕ ಜಾಗ, ವೇಗ ತಗ್ಗಿಸುವ ಪಥ, ಮತ್ತೆ ಸೇರಿಕೊಳ್ಳುವ ಪಥ ಬೇಕು. ಹಳೆಯ ರಸ್ತೆಯನ್ನೇ ಅಗಲಿಸಿ, ಮಧ್ಯೆ ಮಧ್ಯೆ ಬೈಪಾಸ್ ಸೇರಿಸಿ ಕಟ್ಟಿದ ಹೆದ್ದಾರಿಯಲ್ಲಿ ಅಷ್ಟು ಭೂಮಿಯನ್ನು ಮೊದಲೇ ತೆಗೆದಿಡದಿದ್ದರೆ ಆಮೇಲೆ ಹೊಂದಿಸುವುದು ಸುಲಭವಲ್ಲ. ಕಬ್ಬು, ಭತ್ತ ಬೆಳೆಯುವ ನೀರಾವರಿ ಭೂಮಿಯ ಬೆಲೆ ಎಷ್ಟೆಂಬುದು ಭೂಸ್ವಾಧೀನದ ಕಡತ ನೋಡಿದ ಯಾವ ಅಧಿಕಾರಿಗಾದರೂ ಗೊತ್ತು. ಪ್ರತಿ 40ರಿಂದ 60 ಕಿ.ಮೀ.ಗೆ ಒಂದರಂತೆ ದಾರಿಬದಿ ಸೌಕರ್ಯ ಕಲ್ಪಿಸುವುದು ಹೆದ್ದಾರಿ ಪ್ರಾಧಿಕಾರದ್ದೇ ಘೋಷಿತ ಗುರಿ. ಆ ಲೆಕ್ಕದಲ್ಲಿ ಇಲ್ಲಿ ಕನಿಷ್ಠ ಎರಡಾದರೂ ಇರಬೇಕಿತ್ತು. ದೂರುಗಳು ಬಂದ ಮೇಲೆ ಚನ್ನಪಟ್ಟಣದ ಸಮೀಪ ದೊಡ್ಡ ವಿಶ್ರಾಂತಿ ತಾಣದ ಪ್ರಸ್ತಾವ ಮುಂದೆ ಬಂತು.

ಇಲ್ಲಿ ಓದುಗರು ಒಂದು ಸಹಜ ಪ್ರಶ್ನೆ ಕೇಳಬಹುದು. ದೊಡ್ಡ ಬಸ್ಸು ಅಥವಾ ಲಾರಿಯ ಟ್ಯಾಂಕಿನಲ್ಲಿ ಮುನ್ನೂರು ಲೀಟರಿನಷ್ಟು ಡೀಸೆಲ್ ಹಿಡಿಯುತ್ತದೆ. ಲೀಟರಿಗೆ ನಾಲ್ಕು ಕಿ.ಮೀ. ಎಂದುಕೊಂಡರೂ ಒಮ್ಮೆ ತುಂಬಿಸಿದರೆ ಸಾವಿರ ಕಿ.ಮೀ. ದಾಟುತ್ತದೆ. ಹಾಗಿರುವಾಗ 118 ಕಿ.ಮೀ. ದಾರಿಯಲ್ಲಿ ಬಂಕು ಇಲ್ಲದಿದ್ದರೆ ಏನು ನಷ್ಟ? ಕಾಗದದ ಮೇಲೆ ಈ ವಾದ ಸರಿ. ವಾಸ್ತವದಲ್ಲಿ ನಮ್ಮ ದೇಶದ ದೊಡ್ಡ ವಾಹನಗಳು ತುಂಬಿದ ಟ್ಯಾಂಕಿನೊಂದಿಗೆ ಹೊರಡುವುದು ಅಪರೂಪ. ಒಂದೆರಡು ವಾಹನಗಳ ಮಾಲೀಕನಿಗೆ ಮುನ್ನೂರು ಲೀಟರ್ ಎಂದರೆ ಇಪ್ಪತ್ತೇಳು ಸಾವಿರ ರೂಪಾಯಿ. ಅಷ್ಟು ಬಂಡವಾಳವನ್ನು ಟ್ಯಾಂಕಿನಲ್ಲಿ ಮಲಗಿಸಲು ಆತ ಸಿದ್ಧನಿಲ್ಲ. ಇನ್ನು ರಾತ್ರಿ ನಿಂತ ಗಾಡಿಯಿಂದ ಪೈಪು ಹಾಕಿ ಡೀಸೆಲ್ ಎಳೆಯುವ ಕಳ್ಳರ ಭಯ. ಎಳೆಯುವವನು ತನ್ನ ಚಾಲಕನೇ ಇರಬಹುದೆಂಬ ಅನುಮಾನ ಬೇರೆ. ಆದ್ದರಿಂದ ದಿನದ ಬಾಡಿಗೆಗೆ ತಕ್ಕಷ್ಟು, ತನಗೆ ಗುರುತಿರುವ ಬಂಕಿನಲ್ಲಿ, ಚೀಟಿಯ ಮೇಲೆ ತುಂಬಿಸುವುದೇ ರೂಢಿ. ದಾರಿಬದಿಯ ಬಂಕು ಇಂಥ ಮಾಲೀಕನ ಪಾಲಿಗೆ ಇಂಧನದ ಅಂಗಡಿ ಮಾತ್ರವಲ್ಲ, ಸಾಲ ಕೊಡುವ ಬ್ಯಾಂಕೂ ಹೌದು. ಹೆದ್ದಾರಿ ಪಕ್ಕಕ್ಕೆ ಸರಿದಾಗ ಹರಿದುಹೋದದ್ದು ಈ ಸಂಬಂಧ.

ಬಂಕಿನವರ ಕಡೆಯಿಂದಲೂ ನೋಡೋಣ. ಡೀಸೆಲ್ ಬೆಲೆ ನಿಗದಿ ಮಾಡುವುದು ತೈಲ ಕಂಪನಿ. ಬಂಕಿನವನಿಗೆ ಲೀಟರಿಗೆ ಇಂತಿಷ್ಟೆಂಬ ಕಮಿಷನ್. ಟ್ರ್ಯಾಕ್ಟರಿಗೆ ಹಾಕಿದರೂ ಅಷ್ಟೇ, ಹದಿನೈದು ಮೀಟರ್ ಉದ್ದದ ಬಹುಅಚ್ಚಿನ ಬಸ್ಸಿಗೆ ಹಾಕಿದರೂ ಅಷ್ಟೇ ದರ. ಬೆಲೆಯಲ್ಲಿ ಪೈಪೋಟಿ ಮಾಡುವಂತಿಲ್ಲವಾದ್ದರಿಂದ ಹೆದ್ದಾರಿಯ ಬಂಕುಗಳು ಬೇರೆ ರೀತಿಯಲ್ಲಿ ಪೈಪೋಟಿ ಮಾಡುತ್ತವೆ: ವಿಶಾಲ ಅಂಗಳ, ಸ್ನಾನಕ್ಕೆ ನೀರು, ಚಕ್ರಕ್ಕೆ ಗಾಳಿ, ಪಕ್ಕದಲ್ಲಿ ಊಟದ ಹೋಟೆಲು, ಲಾರಿಗಳಿಗೆ ವೇಗವಾಗಿ ಹರಿಯುವ ದೊಡ್ಡ ಕೊಳವೆ. ಒಮ್ಮೆಗೆ ಇನ್ನೂರು ಲೀಟರ್ ಕೊಳ್ಳುವ ಗಿರಾಕಿಗಾಗಿ ಇಷ್ಟೆಲ್ಲ ಮಾಡುವುದು ಲಾಭದಾಯಕ. ಆ ಗಿರಾಕಿ ತಲೆಯ ಮೇಲಿನ ರಸ್ತೆಯಲ್ಲಿ ಹಾದುಹೋದರೆ ಅಂಗಳ ಇಟ್ಟುಕೊಳ್ಳುವುದೇ ನಷ್ಟ. ಉಳಿಯುವುದು ಊರಿನ ದ್ವಿಚಕ್ರ ವಾಹನ, ಟ್ರ್ಯಾಕ್ಟರ್, ಆಟೊ. 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಟ್ಟ ಮೇಲೆ ಸರ್ವಿಸ್ ರಸ್ತೆಯೇ ಇವುಗಳ ಹೆದ್ದಾರಿ. ನಮ್ಮ ಬಸ್ಸು ಹಿಮ್ಮುಖವಾಗಿ ಇಳಿದದ್ದು ಈ ದಟ್ಟಣೆಯ ನಡುವೆ. ಸಣ್ಣ ವಾಹನಗಳ ರಕ್ಷಣೆಗೆಂದು ಮಾಡಿದ ವಿಂಗಡಣೆ ಡೀಸೆಲ್ ಬಂಕಿನ ಬಾಗಿಲಲ್ಲಿ ಮುರಿದುಬೀಳುತ್ತದೆ. ಇದನ್ನು ಯಾವ ಸುರಕ್ಷತಾ ವರದಿಯವರೂ ಬಸ್ಸಿನ ಹಿಂದೆ ನಿಂತು ನೋಡಿದಂತಿಲ್ಲ.

ಅಂದು ಮರಳುವಾಗ ಗಗನಚುಕ್ಕಿ ನೋಡಿಕೊಂಡು ಮಳವಳ್ಳಿ, ಕನಕಪುರ ಮಾರ್ಗವಾಗಿ ಬಂದೆವು. ಬೆಂಗಳೂರಿನಿಂದ ಕೊಳ್ಳೇಗಾಲ, ಚಾಮರಾಜನಗರ, ದಿಂಬಂ ಘಾಟಿಯ ಮೂಲಕ ಕೊಯಮತ್ತೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 948 ಇದು. ಅಗಲೀಕರಣದ ಕಾಮಗಾರಿ ವರ್ಷಗಟ್ಟಲೆ ಎಳೆದಾಡಿದ ರಸ್ತೆ. ಮಳವಳ್ಳಿಯಲ್ಲಿ ಬಂಕು ರಸ್ತೆಗೇ ತೆರೆದುಕೊಂಡಿತ್ತು. ಬಸ್ಸು ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಬಂತು. ಹತ್ತು ನಿಮಿಷದಲ್ಲಿ ಡೀಸೆಲ್, ಜೊತೆಗೆ ನಮಗೆ ಕಾಫಿ. ಹಾಗೆಂದು ಹಳೆಯ ಮಾದರಿಯೇ ಶ್ರೇಷ್ಠವೆಂದು ನಾನು ಹೇಳಲಾರೆ. ಅದೇ ಊರಿನಿಂದ ಹೊರಬರುತ್ತಿದ್ದಂತೆ ರಸ್ತೆಯ ಅಂಚಿನಲ್ಲಿ ಹಿಂದಿನ ದೀಪವಿಲ್ಲದ ಕಬ್ಬಿನ ಗಾಡಿಗಳು ನಿಂತಿದ್ದವು. ಅವು ಎದುರಾದಾಗಲೆಲ್ಲ ಚಾಲಕ ಉಸಿರು ಬಿಗಿಹಿಡಿದು ಬದಿಗೆ ಸರಿಯುತ್ತಿದ್ದ. ತೆರೆದ ರಸ್ತೆಯ ಸೌಲಭ್ಯಕ್ಕೆ ತೆರುವ ಬೆಲೆ ಅದು.

ಹಾಗಾದರೆ ದಶಪಥದ ಮೇಲೆಯೇ ಬಂಕು, ಹೋಟೆಲುಗಳ ದೊಡ್ಡ ಸಂಕೀರ್ಣ ಕಟ್ಟಿಬಿಡುವುದೇ ಪರಿಹಾರವೇ? 2002ರಲ್ಲಿ ಪೂರ್ಣವಾಗಿ ತೆರೆದ ಮುಂಬೈ–ಪುಣೆ ಎಕ್ಸ್‌ಪ್ರೆಸ್ ಮಾರ್ಗದಲ್ಲಿ ಈ ಮಾದರಿಯಿದೆ. ಪ್ರಯಾಣಿಕರಿಗೆ ಅನುಕೂಲ ನಿಜ. ಆದರೆ ಅಂಥ ಸಂಕೀರ್ಣದ ಗುತ್ತಿಗೆ ಹಿಡಿಯುವವರು ಮದ್ದೂರಿನ ವಡೆ ಅಂಗಡಿಯವರಲ್ಲ, ಚನ್ನಪಟ್ಟಣದ ಬೊಂಬೆ ಮಾರುವವರೂ ಅಲ್ಲ. ಬೈಪಾಸ್ ಬಂದಾಗ ಇವರು ಬೀದಿಗಿಳಿದು ಪ್ರತಿಭಟಿಸಿದ್ದು ಸುಮ್ಮನೆ ಅಲ್ಲ. ಮದ್ದೂರು ವಡೆಯೇ ರೈಲು ನಿಂತ ಕಡೆ ಹುಟ್ಟಿದ ತಿಂಡಿ. ಯಂತ್ರ ನಿಂತಲ್ಲಿ ಮನುಷ್ಯ ಇಳಿಯುತ್ತಾನೆ, ಮನುಷ್ಯ ಇಳಿದಲ್ಲಿ ವ್ಯಾಪಾರ ಬೆಳೆಯುತ್ತದೆ. ಹೆದ್ದಾರಿಯ ಮೇಲಿನ ಏಕೈಕ ಸಂಕೀರ್ಣಕ್ಕೆ ಈ ವ್ಯಾಪಾರವನ್ನೆಲ್ಲ ವರ್ಗಾಯಿಸಿದರೆ ಅದು ಸಂಚಾರದ ಮೇಲೆ ಕೊಟ್ಟ ಏಕಸ್ವಾಮ್ಯವಾಗುತ್ತದೆ. ಸಿಕ್ಕಿಕೊಂಡ ಗಿರಾಕಿಯಿಂದ ಬರುವ ಬಾಡಿಗೆಯನ್ನು ಅರ್ಥಶಾಸ್ತ್ರದಲ್ಲಿ ಸ್ಥಳಜನ್ಯ ಗೇಣಿ ಎನ್ನುತ್ತಾರೆ. ಡೀಸೆಲ್ ಬೆಲೆ ನಿಗದಿಯಾಗಿರುವುದರಿಂದ ಅಲ್ಲಿ ಸುಲಿಗೆ ನಡೆಯದು. ಒಂದು ಲೋಟ ಕಾಫಿಯ ಬೆಲೆಯಲ್ಲಿ ನಡೆಯುತ್ತದೆ.

ಈ ವಿಷಯದಲ್ಲಿ ಅಮೆರಿಕದ ಅನುಭವ ಕುತೂಹಲಕರ. ಅಲ್ಲಿನ ಅಂತರರಾಜ್ಯ ಹೆದ್ದಾರಿ ಜಾಲಕ್ಕೆ ಬುನಾದಿ ಹಾಕಿದ 1956ರ ಕಾಯ್ದೆಯು ಹೆದ್ದಾರಿಯ ಸ್ವಂತ ಜಾಗದಲ್ಲಿ ಬಂಕು ಮತ್ತಿತರ ವಾಣಿಜ್ಯ ಮಳಿಗೆಗಳನ್ನು ನಿಷೇಧಿಸಿತು. ಮಾರುಕಟ್ಟೆಯ ದೇಶವೆಂದು ಹೆಸರಾದ ಅಮೆರಿಕದಲ್ಲಿ ಇಂಥ ನಿಷೇಧವೇ ಎಂದು ಆಶ್ಚರ್ಯವಾಗಬಹುದು. ಆದರೆ ಅದರ ಫಲವಾಗಿ ಹೆದ್ದಾರಿಯಿಂದ ಇಳಿಯುವ ಹಲವು ತಿರುವುಗಳಲ್ಲಿ ಪರಸ್ಪರ ಸ್ಪರ್ಧಿಸುವ ಬಂಕುಗಳು, ಊಟದ ಮನೆಗಳು ಬೆಳೆದವು. ಹೆದ್ದಾರಿಯ ಮೇಲೆ ಸರ್ಕಾರ ಇಟ್ಟದ್ದು ವಾಹನ ನಿಲ್ಲಿಸುವ ಜಾಗ, ಶೌಚಾಲಯ, ಕುಡಿಯುವ ನೀರು. ಮುಂದಿನ ತಿರುವಿನಲ್ಲಿ ಇಂಧನ ಉಂಟೇ, ಊಟ ಉಂಟೇ ಎಂಬುದನ್ನು ನೀಲಿ ಫಲಕಗಳು ಮೊದಲೇ ಹೇಳುತ್ತವೆ. ಅಲ್ಲಿ ಮನೆಯನ್ನೇ ಬಸ್ಸಿನೊಳಗೆ ಕಟ್ಟಿಕೊಂಡು ತಿಂಗಳುಗಟ್ಟಲೆ ಸುತ್ತುವ ನಿವೃತ್ತರ ದೊಡ್ಡ ಸಮುದಾಯವೇ ಇದೆ. ಲಾರಿಗಳಿಗಾಗಿ ಮಾಡಿದ ಪ್ರತ್ಯೇಕ ಪಥಕ್ಕೆ ನುಗ್ಗಿ, ಹಿಂದಕ್ಕೆ ಬರುವ ಗೋಜಿಲ್ಲದೆ ಡೀಸೆಲ್ ತುಂಬಿಸಿಕೊಂಡು ಹೋಗುತ್ತಾರೆ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ಪ್ರಕಟಿಸಿದ ಮೇಲೆ ನಮ್ಮಲ್ಲೂ ಇಂಥ ಮನೆಬಂಡಿಗಳ ಮಾತು ಕೇಳಿಬರುತ್ತಿದೆ. ಬೆಂಗಳೂರಿನಿಂದ ವಯನಾಡಿಗೆ ಹೊರಟ ಮನೆಬಂಡಿ ಮಂಡ್ಯದಲ್ಲಿ ಎಲ್ಲಿ ತಿರುಗಬೇಕು ಎಂಬುದನ್ನು ಯೋಚಿಸದೆ ಪ್ರವಾಸೋದ್ಯಮದ ಭಾಷಣ ಮಾಡುವುದು ವ್ಯರ್ಥ.

ಬಂಕಿಗಿಂತ ತುರ್ತಾದ ಸಂಗತಿ ವಿಶ್ರಾಂತಿಯದು. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ಚಾಲಕನ ದುಡಿಮೆ ದಿನಕ್ಕೆ ಎಂಟು ಗಂಟೆಯಾಗಿತ್ತು. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ಬಿಡುವು. ಬಿಡುವು ಎಲ್ಲಿ ತೆಗೆದುಕೊಳ್ಳಬೇಕೆಂದು ಆ ಕಾಯ್ದೆ ಹೇಳುತ್ತಿರಲಿಲ್ಲ. ಹಳೆಯ ರಸ್ತೆಯಲ್ಲಿ ಅದು ಬಂಕಿನ ಅಂಗಳದಲ್ಲಿ, ಹೋಟೆಲಿನ ಮುಂದೆ ತಾನಾಗಿಯೇ ದೊರೆಯುತ್ತಿತ್ತು. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ದಿಂಬಂ ಘಾಟಿಯಲ್ಲಿ 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಿಂದ ಭಾರಿ ವಾಹನಗಳಿಗೆ ನಿರ್ಬಂಧ ಬಂತು. ಕಾಡಿನ ದೃಷ್ಟಿಯಿಂದ ಎರಡೂ ಸರಿಯಾದ ಕ್ರಮಗಳೇ. ಆದರೆ ಗೇಟು ಮುಚ್ಚುವ ಹೊತ್ತಿಗೆ ತಲುಪಲಾರೆನೆಂದು ಗೊತ್ತಾದ ಲಾರಿಯವನು ಇರುಳನ್ನು ಎಲ್ಲಿ ಕಳೆಯಬೇಕು? ಮಂಡ್ಯ, ಮದ್ದೂರುಗಳ ಆಸುಪಾಸಿನಲ್ಲಿ ದೀಪವಿರುವ ಒಂದು ಅಂಗಳ ಇಲ್ಲದಿದ್ದರೆ ಆತ ಹೆದ್ದಾರಿಯ ಅಂಚಿನಲ್ಲೇ ನಿಲ್ಲಿಸಿ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಮಲಗುತ್ತಾನೆ. ಗಂಟೆಗೆ ನೂರು ಕಿ.ಮೀ. ವೇಗದ ರಸ್ತೆಯಲ್ಲಿ ನಿಂತ ಲಾರಿಯೆಂದರೆ ಏನೆಂದು ವಿವರಿಸಬೇಕಾಗಿಲ್ಲ.

ಬೆಲೆಯ ಮಾತಿಗೆ ಬರುತ್ತೇನೆ. ಡೀಸೆಲ್ ಬೆಲೆಯನ್ನು ಕೇಂದ್ರ ಸರ್ಕಾರ 2014ರ ಅಕ್ಟೋಬರ್‌ನಲ್ಲಿ ನಿಯಂತ್ರಣಮುಕ್ತಗೊಳಿಸಿತು. ಆದರೂ ಬೆಲೆಯ ದೊಡ್ಡ ಪಾಲು ತೆರಿಗೆಯೇ. 2021ರ ನವೆಂಬರ್‌ನಲ್ಲಿ ಕೇಂದ್ರ ಅಬಕಾರಿ ಸುಂಕವನ್ನು ಲೀಟರಿಗೆ 10 ರೂಪಾಯಿ ಇಳಿಸಿದಾಗ ಕರ್ನಾಟಕವೂ 7 ರೂಪಾಯಿ ಇಳಿಸಿತು, ಕೇರಳ ಇಳಿಸಲಿಲ್ಲ. ಕೇರಳದ ಲಾರಿಗಳು ಗಡಿ ದಾಟುವ ಮುನ್ನ ನಮ್ಮ ಕಡೆಯ ಬಂಕುಗಳಲ್ಲಿ ತುಂಬಿಸಿಕೊಂಡು ಹೋಗುವ ಪರಿಪಾಠಕ್ಕೆ ಅದು ಇನ್ನಷ್ಟು ಕಾರಣವಾಯಿತು. ಮುಂದೆ 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 14.34ರಿಂದ 18.44ಕ್ಕೆ, 2025ರ ಏಪ್ರಿಲ್ 1ರಿಂದ ಶೇ 21.17ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ಲೀಟರಿನ ಬೆಲೆ 91 ರೂಪಾಯಿ ದಾಟಿತು. ಎರಡು ಏರಿಕೆಗಳೂ ಸೇರಿ ಲೀಟರಿಗೆ ಸುಮಾರು 5 ರೂಪಾಯಿ. ಲಾರಿ ಮಾಲೀಕರು ಅದೇ ಏಪ್ರಿಲ್ ಮಧ್ಯದಲ್ಲಿ ಮುಷ್ಕರ ಹೂಡಿದರು. ನೆರೆಯ ಕೆಲವು ರಾಜ್ಯಗಳಿಗಿಂತ ಇನ್ನೂ ಕಡಿಮೆಯೇ ಎಂಬುದು ಸರ್ಕಾರದ ಉತ್ತರ.

ಈ ಉತ್ತರ ಸುಳ್ಳಲ್ಲ, ಆದರೆ ಅಪೂರ್ಣ. ಡೀಸೆಲ್ ತೆರಿಗೆಯ ಆಧಾರ ಚಕ್ರಗಳ ಮೇಲೆ ಓಡಾಡುವಂಥದ್ದು. ರಾಜ್ಯಗಳ ನಡುವಿನ ಅಂತರ ಕಿರಿದಾದಷ್ಟೂ ದೂರದ ಲಾರಿಗೆ ಇಲ್ಲಿಯೇ ತುಂಬಿಸಬೇಕೆಂಬ ಒತ್ತಾಯ ಕಡಿಮೆ, ಅದಕ್ಕೆ ಆಯ್ಕೆಯಿದೆ. ಆಯ್ಕೆ ಇಲ್ಲದವನು ಮದ್ದೂರಿನ ಟ್ರ್ಯಾಕ್ಟರ್ ಮಾಲೀಕ, ಮಳವಳ್ಳಿಯಲ್ಲಿ ಭತ್ತದ ಕಟಾವು ಯಂತ್ರ ಬಾಡಿಗೆಗೆ ಪಡೆಯುವ ರೈತ, ಹಳ್ಳಿಯಿಂದ ಮಂಡ್ಯದ ಕಾರ್ಖಾನೆಗೆ ಕಬ್ಬು ಸಾಗಿಸುವ ಲಾರಿಯವನು. ಅವರಾರೂ ಡೀಸೆಲ್ ಹಾಕಿಸಲು ರಾಜ್ಯದ ಗಡಿಗೆ ಹೋಗುವುದಿಲ್ಲ. ತೆರಿಗೆಯ ಹೊರೆ ಅಲುಗಾಡಲಾರದವನ ಮೇಲೆ ಬೀಳುತ್ತದೆಂಬುದು ಪಠ್ಯಪುಸ್ತಕದ ಮೊದಲ ಪಾಠಗಳಲ್ಲೊಂದು. (ಮಂಡ್ಯದ ಕಬ್ಬಿನಿಂದ ಎಥೆನಾಲ್ ತಯಾರಾಗುತ್ತದೆ, ಅದು ಬೆರೆಯುವುದು ಮಾತ್ರ ಕಾರಿನವರ ಪೆಟ್ರೋಲಿಗೆ. ಕಬ್ಬು ಹೊರುವ ಗಾಡಿ ಡೀಸೆಲ್ ಕುಡಿಯುವುದು ಬಿಡಲಿಲ್ಲ.)

ಸರ್ಕಾರದ ಸ್ವಂತ ಬಸ್ಸುಗಳೂ ಈ ಲೆಕ್ಕದಿಂದ ಹೊರತಲ್ಲ. ಸಾರಿಗೆ ನಿಗಮಗಳಿಗೆ ಡಿಪೊಗಳಲ್ಲಿ ಸ್ವಂತ ಪಂಪುಗಳಿವೆ. ಸಗಟು ಖರೀದಿಯ ಮೇಲೆ ರಿಯಾಯಿತಿ ಸಿಗುವುದು ಲೋಕರೂಢಿ. 2013ರ ಜನವರಿಯಲ್ಲಿ ಕೇಂದ್ರವು ಸಗಟು ಗ್ರಾಹಕರಿಗೆ ಸಬ್ಸಿಡಿ ಕೈಬಿಟ್ಟಾಗ ಈ ರೂಢಿ ತಲೆಕೆಳಗಾಯಿತು. ಹೆಚ್ಚು ಕೊಳ್ಳುವವನಿಗೆ ಹೆಚ್ಚು ಬೆಲೆ! ಉಕ್ರೇನ್ ಯುದ್ಧದ ಬೆನ್ನಲ್ಲೇ, 2022ರ ಮಾರ್ಚ್‌ನಲ್ಲಿ, ಸಗಟು ಡೀಸೆಲ್ ಲೀಟರಿಗೆ ಸುಮಾರು 25 ರೂಪಾಯಿ ಏರಿದಾಗ ಇದೇ ವಿಪರ್ಯಾಸ ಮರುಕಳಿಸಿ, ನಿಗಮದ ಬಸ್ಸುಗಳು ಸ್ವಂತ ಪಂಪು ಬಿಟ್ಟು ಬೀದಿಯ ಬಂಕುಗಳ ಮುಂದೆ ನಿಂತವು. ನಾಲ್ಕೂ ನಿಗಮಗಳ ದೈನಂದಿನ ಡೀಸೆಲ್ ವೆಚ್ಚ ಹತ್ತು ವರ್ಷಗಳಲ್ಲಿ ಸುಮಾರು 9 ಕೋಟಿಯಿಂದ 13 ಕೋಟಿ ರೂಪಾಯಿಗೆ ಏರಿತೆಂದು ಹೇಳಿಯೇ 2025ರ ಜನವರಿಯಲ್ಲಿ ಟಿಕೆಟ್ ದರ ಶೇ 15ರಷ್ಟು ಹೆಚ್ಚಿಸಲಾಯಿತು. ಮೂರು ತಿಂಗಳಲ್ಲಿ ಅದೇ ಸರ್ಕಾರ ಡೀಸೆಲ್ ತೆರಿಗೆ ಏರಿಸಿತು. ಹಣಕಾಸು ಇಲಾಖೆಗೂ ಸಾರಿಗೆ ಇಲಾಖೆಗೂ ನಡುವೆ ವಿಧಾನಸೌಧದಲ್ಲಿ ಕೆಲವೇ ಹೆಜ್ಜೆಗಳ ದೂರ. ಕಡತಗಳಿಗೆ ಆ ದೂರ ಕ್ರಮಿಸಲು ಎಷ್ಟು ಕಾಲ ಬೇಕೆಂಬುದನ್ನು ನಾನು ಬಲ್ಲೆ.

ನನ್ನ ಅಭಿಪ್ರಾಯ ಇಷ್ಟು. ಹೆದ್ದಾರಿಯ ಮುಖ್ಯ ಪಥಕ್ಕೆ ಹೊಂದಿಕೊಂಡು ಪ್ರಾಧಿಕಾರ ತನ್ನ ಖರ್ಚಿನಲ್ಲಿ ಒದಗಿಸಬೇಕಾದದ್ದು ದೀಪ, ಕಾವಲು, ಶೌಚಾಲಯ, ನೀರು ಇರುವ ನಿಲುಗಡೆ ಅಂಗಳ. ಇದಕ್ಕೆ ಶುಲ್ಕವಿರಬಾರದು; ಟೋಲ್ ಕೊಟ್ಟವನಿಗೆ ಇದು ಹಕ್ಕು. ಡೀಸೆಲ್ ಮತ್ತು ಊಟವನ್ನು ಊರಿಗಿಳಿಯುವ ತಿರುವುಗಳಿಗೆ ಬಿಡಬಹುದು. ಆದರೆ ಆ ತಿರುವು ದೊಡ್ಡ ವಾಹನ ಇಳಿದು, ತುಂಬಿಸಿಕೊಂಡು, ಮುಂದಕ್ಕೇ ಚಲಿಸಿ ಮತ್ತೆ ಹೆದ್ದಾರಿ ಸೇರುವಂತಿರಬೇಕು. ಮದ್ದೂರು ಮತ್ತು ಮಂಡ್ಯದ ಎರಡೂ ತುದಿಗಳಲ್ಲಿ ಹಳೆಯ ರಸ್ತೆಯ ಬಂಕುಗಳು ಇದ್ದೇ ಇವೆ. ಅವುಗಳಲ್ಲಿ ಹನ್ನೆರಡು ಮೀಟರಿನ ಬಸ್ಸು ಹಿಂದೆ ಬರದೆ ಹೊರಹೋಗಬಲ್ಲ ಬಂಕು ಯಾವುದು, 2020ರ ನಂತರದ ಡೀಸೆಲ್ ವಾಹನಗಳಿಗೆ ಬೇಕಾದ ಯೂರಿಯಾ ದ್ರಾವಣ ಸಿಗುವುದು ಎಲ್ಲಿ ಎಂದು ಜಿಲ್ಲಾಡಳಿತ ಒಂದು ವಾರದಲ್ಲಿ ಪಟ್ಟಿ ಮಾಡಬಹುದು. ಈ ದ್ರಾವಣ ಮುಗಿದರೆ ಹೊಸ ಎಂಜಿನ್‌ಗಳು ಶಕ್ತಿ ಕುಗ್ಗಿಸಿಕೊಂಡು ತೆವಳುತ್ತವೆ. ಡೀಸೆಲ್ ತುಂಬಿದ್ದರೂ ಪ್ರಯೋಜನವಿಲ್ಲ. ಅಳತೆಯ ಬಗ್ಗೆ ಸಂಶಯವಿರುವವರು ಐದು ಲೀಟರಿನ ಮುದ್ರಿತ ಮಾಪಕದಲ್ಲಿ ಅಳೆದು ತೋರಿಸೆಂದು ಕೇಳಬಹುದೆಂಬ ಫಲಕವೂ ಅಲ್ಲಿರಲಿ. ಇನ್ನೂರು ಲೀಟರ್ ಕೊಳ್ಳುವವನಿಗೆ ಶೇಕಡಾ ಒಂದರ ಕೊರತೆಯೂ ನೂರಎಂಬತ್ತು ರೂಪಾಯಿ.

ಇದಕ್ಕೆ ಎದುರು ವಾದವಿದೆ. ಲಾರಿಗಳನ್ನು ಮತ್ತೆ ಊರಿನತ್ತ ಕರೆದರೆ ಬೈಪಾಸ್ ಮಾಡಿದ ಉದ್ದೇಶವೇ ಹಾಳಾಗುವುದಿಲ್ಲವೇ ಎಂದು ಹೆದ್ದಾರಿಯ ಎಂಜಿನಿಯರ್ ಮಿತ್ರರೊಬ್ಬರು ಕೇಳಿದರು. ಊರಿನ ಪೇಟೆಯೊಳಗೆ ಕರೆದರೆ ಹಾಳಾಗುತ್ತದೆ, ನಿಜ. ಹಾಗಾಗಿಯೇ ತಿರುವಿನಿಂದ ಒಂದೆರಡು ಕಿ.ಮೀ. ಒಳಗಿನ ಬಂಕುಗಳನ್ನು ಮಾತ್ರ ಆರಿಸಬೇಕು, ಅವುಗಳ ಮುಂದೆ ಸರ್ವಿಸ್ ರಸ್ತೆಯ ದ್ವಿಚಕ್ರ ವಾಹನಗಳಿಗೆ ಬೇರೆ ಪಟ್ಟಿ ಬಿಡಬೇಕು. ಪೇಟೆಗೆ ಬರಬೇಕಾದವರು ಕಾರಿನವರು. ವಡೆಯ ಪರಿಮಳಕ್ಕೆ ಅವರು ತಾವಾಗಿಯೇ ಇಳಿದಾರು, ಇಳಿಯುವ ದಾರಿ ಮೊದಲೇ ಗೊತ್ತಾದರೆ.

ಫಲಕದ ವಿಷಯಕ್ಕೆ ಮರಳುತ್ತೇನೆ. ತಿರುವಿಗೆ ಐದು ಕಿ.ಮೀ. ಮುಂಚೆ ಒಂದು, ಎರಡು ಕಿ.ಮೀ. ಮುಂಚೆ ಇನ್ನೊಂದು ಬೇಕು. ಈ ದಾರಿಯಲ್ಲಿ ಓಡುವ ಲಾರಿಗಳ ಚಾಲಕರಲ್ಲಿ ಕೇರಳದವರೂ ತಮಿಳುನಾಡಿನವರೂ ಬಹಳ. ಕನ್ನಡದ ದೊಡ್ಡ ಅಕ್ಷರಗಳ ಕೆಳಗೆ ಒಂದು ಡೀಸೆಲ್ ಪಂಪಿನ ಚಿತ್ರ, ಒಂದು ಲಾರಿಯ ಚಿತ್ರ, ಊರಿನ ಹೆಸರು, ಮುಂದಿನ ಬಂಕಿಗೆ ಇರುವ ದೂರ ಇಷ್ಟಿದ್ದರೆ ಸಾಕು. ಅಂದು ಮದ್ದೂರಿಗೆ ಮುಂಚೆ ಇಂಥದೊಂದು ಫಲಕ ನಮ್ಮ ಕಣ್ಣಿಗೆ ಬಿದ್ದಿದ್ದರೆ ಆ ಹಾಲಿನ ಸ್ಕೂಟರಿನವನು ಮಂಡ್ಯದಲ್ಲಿ ನಮ್ಮ ಬಸ್ಸಿನ ಹಿಂದೆ ಬರುವ ಪ್ರಸಂಗವೇ ಇರುತ್ತಿರಲಿಲ್ಲ.